ಲಕ್ಸೆಂಬರ್ಗ್: ಟಿಕೆಟ್ ಕೊಳ್ಳದೆ ಮೂರು ದಿನ ಸುತ್ತುವುದು ಹೇಗೆ?

ಪ್ಯಾರಿಸ್, ಬ್ರಸೆಲ್ಸ್ ಮುಗಿಸಿ ಜರ್ಮನಿಗೆ ಹೊರಟ ಪ್ರವಾಸಿ ಬಸ್ಸುಗಳು ಲಕ್ಸೆಂಬರ್ಗ್‌ನಲ್ಲಿ ಅಬ್ಬಬ್ಬಾ ಎಂದರೆ ಎರಡು ಗಂಟೆ ನಿಲ್ಲುತ್ತವೆ. ಸೇತುವೆಯ ಮೇಲೊಂದು ಫೋಟೊ, ಒಂದು ಚಾಕೊಲೇಟ್ ಅಂಗಡಿ, ಅಲ್ಲಿಗೆ ಮುಗಿಯಿತು. 2,586 ಚದರ ಕಿ.ಮೀ. ದೇಶ, ಕೊಡಗಿಗಿಂತ ಸಣ್ಣದು, ನೋಡುವುದಕ್ಕೆ ಇನ್ನೇನಿದ್ದೀತು ಎಂಬ ಲೆಕ್ಕಾಚಾರ. ಆದರೆ 2020ರಿಂದ ಇಲ್ಲಿ ಬಸ್ಸು, ಟ್ರಾಮ್, ಎರಡನೇ ದರ್ಜೆಯ ರೈಲು ಎಲ್ಲವೂ ಪುಕ್ಕಟೆ. ಸ್ಥಳೀಯರಿಗಷ್ಟೇ ಅಲ್ಲ, ಹೊರಗಿನಿಂದ ಬಂದವರಿಗೂ. ಕಾರು ಬಾಡಿಗೆಗೆ ಹಿಡಿಯಲೇಬೇಡಿ. ರಾಜಧಾನಿಯ ರೈಲು ನಿಲ್ದಾಣದ ಹತ್ತಿರ ಒಂದೇ ಹೋಟೆಲಿನಲ್ಲಿ ಮೂರು ರಾತ್ರಿ ಉಳಿದು, ದಿನಕ್ಕೊಂದು ದಿಕ್ಕಿಗೆ ಹೋಗಿಬನ್ನಿ. ವಾರದ ದಿನಗಳಲ್ಲಿ ಬ್ಯಾಂಕು, ಐರೋಪ್ಯ ಒಕ್ಕೂಟದ ಕೆಲಸದವರಿಂದ ಹೋಟೆಲುಗಳು ತುಂಬಿರುತ್ತವೆ. ಶುಕ್ರವಾರ, ಶನಿವಾರದ ರಾತ್ರಿ ಬಾಡಿಗೆ ಇಳಿಯುತ್ತದೆ.

ಹಂತ 1: ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಶೆಂಗೆನ್ ವೀಸಾ ಸಾಕು. ಇಡೀ ಪ್ರವಾಸದಲ್ಲಿ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಅರ್ಜಿ ಆ ದೇಶಕ್ಕೆ. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು.

ಹಂತ 2: ಗಡಿ ದಾಟುವ ಟಿಕೆಟ್. ಹೆಚ್ಚಿನವರು ಎಡವುವುದು ಇಲ್ಲೇ. ಪುಕ್ಕಟೆ ಪ್ರಯಾಣ ದೇಶದ ಗಡಿಯವರೆಗೆ ಮಾತ್ರ, ರೈಲು ಮಾತ್ರ ಗಡಿಯಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಜರ್ಮನಿಯ ಟ್ರಿಯರ್‌ನಿಂದ ಬರುವ ರೈಲನ್ನೇ ನೋಡಿ. ಸುಮಾರು 50 ನಿಮಿಷದ ದಾರಿ. ಲಕ್ಸೆಂಬರ್ಗ್ ನೆಲದ ಮೊದಲ ನಿಲ್ದಾಣ ವಾಸರ್‌ಬಿಲಿಗ್. ಟ್ರಿಯರ್‌ನಿಂದ ಅಲ್ಲಿಯವರೆಗೆ ದುಡ್ಡು, ಅಲ್ಲಿಂದಾಚೆ ಪುಕ್ಕಟೆ. ವಾಸರ್‌ಬಿಲಿಗ್‌ನಲ್ಲಿ ಇಳಿದು ಹತ್ತುವ ಅಗತ್ಯವಿಲ್ಲ, ಕೂತ ಸೀಟಿನಲ್ಲೇ ಕೂತಿರಿ.

ಬರುವಾಗ ಈ ಎಚ್ಚರ ಎಲ್ಲರಿಗೂ ಇರುತ್ತದೆ. ತಪ್ಪುವುದು ಹೋಗುವಾಗ. ಮೂರು ದಿನ ಟಿಕೆಟ್ಟಿನ ಯೋಚನೆಯೇ ಇಲ್ಲದೆ ರೈಲು ಹತ್ತಿ ರೂಢಿಯಾಗಿರುತ್ತದೆ, ನಾಲ್ಕನೆಯ ದಿನ ಸೂಟ್‌ಕೇಸ್ ಎಳೆದುಕೊಂಡು ಟ್ರಿಯರ್ ರೈಲನ್ನೂ ಹಾಗೆಯೇ ಹತ್ತಿಬಿಡುತ್ತಾರೆ. ಗಡಿ ದಾಟಿದ ಮೇಲೆ ತಪಾಸಣೆಯವರು ಬಂದರೆ ದಂಡ ತಪ್ಪಿದ್ದಲ್ಲ. ‘ಇಲ್ಲಿ ಫ್ರೀ ಅಂದಿದ್ರಲ್ಲ’ ಎಂಬ ಮಾತು ನಡೆಯುವುದಿಲ್ಲ. ಬ್ರಸೆಲ್ಸ್ ಕಡೆಗೆ, ಫ್ರಾನ್ಸಿನ ಮೆಟ್ಸ್ ಕಡೆಗೆ ಹೋಗುವ ರೈಲುಗಳಿಗೂ, ಗಡಿಯಾಚೆ ಹೋಗುವ ಬಸ್ಸುಗಳಿಗೂ ಇದೇ ನಿಯಮ. ಹತ್ತುವ ಮೊದಲೇ ಟಿಕೆಟ್ ಕೊಳ್ಳಿ.

ಇನ್ನೊಂದು ಎಡವಟ್ಟು ಮೊದಲ ದರ್ಜೆ. ಅದಕ್ಕೆ ದೇಶದ ಒಳಗೂ ದುಡ್ಡು ಕೊಡಬೇಕು. ಬೋಗಿಯ ಬಾಗಿಲ ಪಕ್ಕ ‘1’ ಎಂದಿದ್ದರೆ ಮುಂದಿನ ಬೋಗಿಗೆ ನಡೆಯಿರಿ.

ಹಂತ 3: ರಾಜಧಾನಿ, ಮೇಲಿನಿಂದ ಕೆಳಗೆ. ಈ ಊರು ಎರಡು ಅಂತಸ್ತಿನದು. ಹಳೆಯ ಪಟ್ಟಣ ಬಂಡೆಯ ಮೇಲೆ, ಗ್ರುಂಡ್ ಬಡಾವಣೆ ಕೆಳಗೆ ಆಲ್ಜೆಟ್ ನದಿಯ ದಡದಲ್ಲಿ. ಮೊಬೈಲಿನ ಮ್ಯಾಪ್‌ನಲ್ಲಿ ಅಂಗೈಯಗಲ ಕಾಣುವ ದೂರ ನಿಜದಲ್ಲಿ ಕಡಿದಾದ ಪ್ರಪಾತ. ಮ್ಯಾಪ್ ನಂಬಿ ಹತ್ತಿ ಇಳಿದು ಮಧ್ಯಾಹ್ನಕ್ಕೇ ಮಂಡಿ ಹಿಡಿದು ಕೂರುವವರು ಬಹಳ. ಸರಿಯಾದ ಕ್ರಮ ಹೀಗೆ: ನಿಲ್ದಾಣದಿಂದ ಟ್ರಾಮ್ ಹತ್ತಿ ಹಾಮಿಲಿಯಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಕಾಲ್ನಡಿಗೆಯಲ್ಲಿ ಬೊಕ್ ಬಂಡೆಗೆ. ಕ್ರಿ.ಶ. 963ರಲ್ಲಿ ಕೌಂಟ್ ಸೀಗ್‌ಫ್ರೀಡ್ ಕೋಟೆಗೆ ಜಾಗ ಪಡೆದದ್ದು ಇಲ್ಲೇ. ಬಂಡೆಯೊಳಗೆ ಸುರಂಗಗಳಿವೆ, ಈ ಊರಿನಲ್ಲಿ ಇಂಥವನ್ನು 1644ರಲ್ಲಿ ಕೊರೆಯತೊಡಗಿದವರು ಸ್ಪೇನಿನವರು. ಸುರಂಗದೊಳಗೆ ಸುರುಳಿ ಮೆಟ್ಟಿಲು ಕಿರಿದು, ಕಲ್ಲು ತೇವ, ಚಾವಣಿ ತಗ್ಗು. ರಬ್ಬರ್ ತಳದ ಶೂ ಬೇಕು, ಮಗುವಿನ ತಳ್ಳುಗಾಡಿ ತರಬೇಡಿ. ಹೊರಬಂದು ಕಾರ್ನಿಶ್ ಹಾದಿಯಲ್ಲಿ ಕಣಿವೆಯನ್ನು ನೋಡುತ್ತ ಸಾಂತ್ ಎಸ್ಪ್ರಿಗೆ ನಡೆದರೆ ಬಂಡೆಯೊಳಗಿನ ಲಿಫ್ಟ್ ಸೀದಾ ಗ್ರುಂಡ್‌ಗೆ ಇಳಿಸುತ್ತದೆ. ಮುಂದೆ ನದಿ ಹರಿಯುವ ದಿಕ್ಕಿಗೇ ಫಾಫೆಂಟಾಲ್‌ವರೆಗೆ ನಡಿಗೆ, ಅಲ್ಲಿ 71 ಮೀಟರ್ ಎತ್ತರದ ಗಾಜಿನ ಲಿಫ್ಟ್ ನಿಮ್ಮನ್ನು ಮತ್ತೆ ಪಟ್ಟಣಕ್ಕೆ ಎತ್ತುತ್ತದೆ. ಎರಡೂ ಲಿಫ್ಟಿಗೆ ದುಡ್ಡಿಲ್ಲ. ಸುರಂಗದ ಮೆಟ್ಟಿಲು ಬಿಟ್ಟರೆ ಇಡೀ ಸುತ್ತಿನಲ್ಲಿ ಕಡಿದಾದ ಏರು ಒಂದನ್ನೂ ಕಾಲಿನಲ್ಲಿ ಹತ್ತಬೇಕಿಲ್ಲ.

ತೆರೆದ ಚಾವಣಿಯ ಪ್ರವಾಸಿ ಬಸ್ಸಿಗೆ ದುಡ್ಡು ಸುರಿಯಬೇಡಿ, ಗ್ರುಂಡ್‌ನ ಗಲ್ಲಿಗಳನ್ನು ನಡೆದೇ ನೋಡಬೇಕು. ಹಲವು ಜಾಗಗಳ ಪ್ರವೇಶ ಸೇರಿರುವ ‘ಲಕ್ಸೆಂಬರ್ಗ್ ಕಾರ್ಡ್’ ಎಂಬ ಪ್ರವಾಸಿ ಪಾಸು ಕೊಳ್ಳುವುದಾದರೆ ಕೋಟೆ, ಮ್ಯೂಸಿಯಮ್ಮುಗಳ ಪ್ರವೇಶ ಶುಲ್ಕವನ್ನಷ್ಟೇ ಕೂಡಿ ನೋಡಿ.

ಹಂತ 4: ವಿಯಾಂಡೆನ್ ಕೋಟೆ. ರೈಲಿನಲ್ಲಿ ಎಟೆಲ್‌ಬ್ರುಕ್, ಅಲ್ಲಿಂದ ಬಸ್ಸು. ಬೇಸಿಗೆ ರಜೆಯಲ್ಲಿ ಉತ್ತರದ ರೈಲು ಮಾರ್ಗದಲ್ಲಿ ಹಳಿ ಕೆಲಸ ನಡೆದು ರೈಲಿನ ಬದಲು ಬಸ್ಸು ಬಿಡುವುದುಂಟು. ಹಿಂದಿನ ರಾತ್ರಿ ರೈಲು-ಬಸ್ಸು ವೇಳೆಯ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಹಂತ 5: ಮುಲ್ಲರ್‌ಟಾಲ್. ಇದು ಬಂಡೆ, ಕಾಡುಗಳ ಸೀಮೆ. ಚಾರಣ ಶುರುವಾಗುವ ಎಖ್ಟರ್ನಾಖ್ ಊರಿಗೆ ರೈಲಿಲ್ಲ, ಬಸ್ಸೇ ಗತಿ. ಇಲ್ಲಿನ ಚಾರಣದ ಹಾದಿ ಒಟ್ಟು 112 ಕಿ.ಮೀ., ಮೂರು ಸುತ್ತು. ಒಂದು ದಿನಕ್ಕೆ ಎಖ್ಟರ್ನಾಖ್‌ನಿಂದ ‘ತೋಳನ ಕಂದರ’ದ ಮೂಲಕ ಬೆರ್ಡೋರ್ಫ್‌ವರೆಗಿನ ತುಂಡು ಸಾಕು. ಮರಳುಗಲ್ಲಿನ ಎರಡು ಗೋಡೆಗಳ ನಡುವೆ ಮೆಟ್ಟಿಲು, ಮೇಲೆ ಸೀಳಿನಷ್ಟು ಆಕಾಶ. ಬೆರ್ಡೋರ್ಫ್ ಹತ್ತಿರದ ಹೋಲ್‌ಲೈ ಗುಹೆಯಲ್ಲಿ ಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಹಿಂದೆ ಬೀಸುವ ಕಲ್ಲುಗಳನ್ನು ಕಡಿದು ತೆಗೆದ ಜಾಗದಲ್ಲಿ ಬಳೆಯಂಥ ಗುಂಡನೆಯ ಗೆರೆಗಳು ಕೈಗೆ ಹತ್ತುತ್ತವೆ. ಬೆರ್ಡೋರ್ಫ್‌ನಿಂದ ಬಸ್ಸಿನಲ್ಲಿ ಮರಳಿ. ಎಲ್ಲ ಜಾಹೀರಾತಿನಲ್ಲೂ ಇರುವ ಶೀಸೆನ್‌ಟುಂಪೆಲ್ ಜಲಪಾತಕ್ಕಾಗಿ ದಿನ ಹಾಳುಮಾಡಿಕೊಳ್ಳಬೇಡಿ. ಕಲ್ಲಿನ ಸೇತುವೆ ಚೆಂದವೇ, ಆದರೆ ಜೋಗ ನೋಡಿದ ಕಣ್ಣಿಗೆ ಆ ನೀರು ತೋಟದ ಕಾಲುವೆ.

ಸಸ್ಯಾಹಾರಿಗಳು ಊಟದ ವಿಷಯದಲ್ಲಿ ಬಾಯಿಬಿಟ್ಟು ಕೇಳಬೇಕು. ಹುರುಳಿಕಾಯಿ ಸೂಪು ‘ಬೌನೆಶ್ಲುಪ್’ ಹೆಸರಿಗೆ ತರಕಾರಿಯದು, ಆದರೆ ಹಂದಿ ಮಾಂಸದ ಚೂರು ಬೀಳುವುದೇ ಹೆಚ್ಚು. ಆಲೂಗಡ್ಡೆ ತುರಿದು ಈರುಳ್ಳಿ ಹಾಕಿ ಕರಿಯುವ ‘ಗ್ರೊಂಪೆರೆಕಿಶೆಲ್ಶೆರ್’ ನೋಡಲು ನಮ್ಮ ಅಂಬೊಡೆಯಂತೆಯೇ ಇದ್ದರೂ ಹಿಟ್ಟಿಗೆ ಮೊಟ್ಟೆ ಸೇರಿರುತ್ತದೆ. ಮೊಟ್ಟೆ ತಿನ್ನುವವರಾದರೆ ಸಂತೆಯ ಗಾಡಿಯಲ್ಲಿ ಬಿಸಿಬಿಸಿಯಾಗಿ ಕೊಂಡು ಸೇಬಿನ ಗೊಜ್ಜಿನ ಜೊತೆ ತಿನ್ನಿ. ಆರಿದರೆ ಎಣ್ಣೆ ಜಿಡ್ಡು ಬಿಟ್ಟು ಬೇರೇನೂ ಉಳಿಯುವುದಿಲ್ಲ.