ಬ್ಲ್ಯಾಂಕ್‌ನಲ್ಲಿ ಪೀಕ್ ಬಂದಾಗ ನಾನು ಮಾಡಿದ್ದು

ಏಪ್ರಿಲ್ ತಿಂಗಳು, ದಾವಣಗೆರೆಯ ಬಿಸಿಲು ಗೊತ್ತಲ್ಲ. ಲ್ಯಾಬಿನ ಎಚ್‌ಪಿಎಲ್‌ಸಿ ಯಂತ್ರ ದ್ರವದಲ್ಲಿ ಬೆರೆತ ವಸ್ತುಗಳನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ, ಗ್ರಾಫಿನಲ್ಲಿ ಪೀಕ್‌ಗಳಾಗಿ ತೋರಿಸುತ್ತದೆ; ಸ್ಯಾಂಪಲ್ ಹಾಕದೆ ಓಡಿಸಿದರೆ ಅದು ಬ್ಲ್ಯಾಂಕ್, ಅದರಲ್ಲಿ ಪೀಕ್ ಬರಬಾರದು. "ಮೇಡಂ, ಏನೂ ಇಂಜೆಕ್ಟ್ ಮಾಡಿಲ್ಲ, ಆದ್ರೂ ಮೂರು ಪೀಕ್ ಬರ್ತಿವೆ" ಅಂತ ವಿದ್ಯಾರ್ಥಿನಿ ಬಂದಳು. ಎಣ್ಣೆ ಗುಣದ ವಸ್ತುಗಳನ್ನು ಹಿಡಿದಿಡುವ ಸಿ18 ಕಾಲಮ್, ಅದರಲ್ಲಿ ಮೊದಲು ನೀರು, ಆಮೇಲೆ ಕ್ರಮೇಣ ಹೆಚ್ಚುವ ಅಸಿಟೊನೈಟ್ರೈಲ್ ಎಂಬ ದ್ರಾವಕ, ಎರಡರಲ್ಲೂ ಶೇ. 0.1 ಟಿಎಫ್‌ಎ (ಟ್ರೈಫ್ಲೋರೊಅಸಿಟಿಕ್ ಆಮ್ಲ), ಅಳತೆ 214 ನ್ಯಾನೊಮೀಟರ್ ಬೆಳಕಿನಲ್ಲಿ. ಬೇಸ್‌ಲೈನ್, ಅಂದರೆ ಗ್ರಾಫಿನ ತಳಗೆರೆ, ಏರುತ್ತಾ ಹೋಗಿತ್ತು, ಆ ಏರಿನ ಮೇಲೆ ಮೂರು ದಿಬ್ಬ.

ಎಲ್ಲರೂ ಬೋರ್ ನೀರನ್ನೇ ಬೈದರು. ನಮ್ಮ ಬೋರ್ ನೀರು ಗಡಸು, ಬಕೆಟ್ಟಿಗೆಲ್ಲ ಬಿಳಿ ಕರೆ ಕಟ್ಟುತ್ತದೆ, ನಿಜ. ಆದರೆ ಕ್ಯಾಲ್ಸಿಯಂ ಸಿ18ಗೆ ಅಂಟಿಕೊಳ್ಳುವುದಿಲ್ಲ, ಹಾಗೇ ಹಾದುಹೋಗುತ್ತದೆ. ಅಂಟುವುದು ಎಣ್ಣೆ ಗುಣದ ಸಾವಯವ ಕಸ. ನೀರು ಹರಿಯುವಾಗ ಅದು ಕಾಲಮ್ಮಿನ ಬಾಯಲ್ಲೇ ಕೂಡಿಕೊಂಡು, ಅಸಿಟೊನೈಟ್ರೈಲ್ ಜಾಸ್ತಿಯಾದಾಗ ಒಟ್ಟಿಗೆ ಹೊರಬರುತ್ತದೆ.

ಹಾಗಾದರೆ ನೀರು ಜಾಸ್ತಿ ಹರಿಸಿದಷ್ಟೂ ಪೀಕ್ ದೊಡ್ಡದಾಗಬೇಕು, ಅಲ್ವಾ? ಒಂದು ಬ್ಲ್ಯಾಂಕ್‌ಗೆ 10 ನಿಮಿಷ ಈಕ್ವಿಲಿಬ್ರೇಷನ್ (ಓಟಕ್ಕೆ ಮೊದಲು ಕಾಲಮ್ಮಿಗೆ ನೀರು ಹರಿಸುವುದು) ಕೊಟ್ಟೆ, ಇನ್ನೊಂದಕ್ಕೆ 40. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಮಧ್ಯದ ದಿಬ್ಬ ಮೂರು ಪಟ್ಟಿಗೂ ಎತ್ತರ, ಜಾಗ ಮಾತ್ರ ಒಂದಿಷ್ಟೂ ಕದಲಿಲ್ಲ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ, ಖರ್ಚು ಬರೀ ಒಂದು ಗಂಟೆ ಚಿಲ್ಲರೆ.

ಶುದ್ಧ ನೀರು ಹಿಡಿದಿಡುತ್ತಿದ್ದ ಪ್ಲಾಸ್ಟಿಕ್ ಕ್ಯಾನಿನ ಒಳಗೆ ಬೆರಳಾಡಿಸಿದೆ. ಲೋಳೆ ಲೋಳೆ! ಕಂಡಕ್ಟಿವಿಟಿ ಮೀಟರ್ ಮಾತ್ರ ನೀರು ಚೆನ್ನಾಗಿದೆ ಅಂತಲೇ ತೋರಿಸುತ್ತಿತ್ತು. ಅದು ಉಪ್ಪನ್ನು ಅಳೆಯುತ್ತದೆ, ಈ ಕಸ ಅದಕ್ಕೆ ಕಾಣುವುದೇ ಇಲ್ಲ. ಕ್ಯಾನ್ ಬಿಟ್ಟು, ನೀರು ಶುದ್ಧೀಕರಿಸುವ ಯೂನಿಟ್‌ನಿಂದ ನೇರ ಗಾಜಿನ ಬಾಟಲಿಗೆ ಅವತ್ತಿನ ನೀರು ಹಿಡಿದೆವು. ಬಾಟಲಿಯನ್ನು ಸೋಪಿನಲ್ಲಿ ತೊಳೆಯಬೇಡಿ, ಬಾಯಿಗೆ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಾಳೆ ಸುತ್ತಬೇಡಿ, ಅವುಗಳಿಂದಲೂ ಪೀಕ್ ಬರುತ್ತವೆ.

ದಿಬ್ಬಗಳು ಹೋದವು, ಏರು ಉಳಿಯಿತು. ಅದು ಕೊಳೆಯಲ್ಲ, ಟಿಎಫ್‌ಎ ಗುಣ: ಅಸಿಟೊನೈಟ್ರೈಲ್ ಹೆಚ್ಚಾದಂತೆ ಅದು ಬೆಳಕು ಹೀರುವ ರೀತಿ ಬದಲಾಗುತ್ತದೆ. ಅಸಿಟೊನೈಟ್ರೈಲ್ ಬಾಟಲಿಯಲ್ಲಿ ಟಿಎಫ್‌ಎ ಶೇ. 0.085ಕ್ಕೆ ಇಳಿಸಿದೆ, ಗೆರೆ ಹೆಚ್ಚುಕಡಿಮೆ ಮಟ್ಟವಾಯಿತು. ಪಂಪ್ ಸ್ಟ್ರೋಕ್‌ಗೆ ಸರಿಯಾಗಿ ಗೆರೆ ಅಲೆಅಲೆಯಾಗಿ ಬಂದರೆ ಕಥೆ ಬೇರೆ, ಆಗ ಪಂಪಿನ ಚೆಕ್ ವಾಲ್ವ್ (ದ್ರವ ಹಿಂದಕ್ಕೆ ಹರಿಯದಂತೆ ತಡೆಯುವುದು), ಡಿಗ್ಯಾಸರ್ (ದ್ರವದಲ್ಲಿನ ಗಾಳಿ ತೆಗೆಯುವುದು) ನೋಡಿ.

ಈಗ ಪ್ರತಿ ಸೋಮವಾರ ಆ ಹುಡುಗಿಯೇ 10 ಮತ್ತು 40 ನಿಮಿಷದ ಬ್ಲ್ಯಾಂಕ್ ಎರಡನ್ನೂ ಓಡಿಸಿ, ಮಧ್ಯದ ಪೀಕಿನ ಎತ್ತರವನ್ನು ರಿಜಿಸ್ಟರ್‌ನಲ್ಲಿ ಬರೆದಿಡುತ್ತಾಳೆ.