ಬ್ಯಾಂಡ್ ಜೊತೆ ಗಿಟಾರ್ ಕೇಳಿಸ್ತಿರಲಿಲ್ಲ, ಇಕ್ಯು ಪೆಡಲ್‌ನಿಂದ ಸರಿ ಆಯ್ತು

ಮನೇಲಿ ಒಬ್ನೇ ನುಡಿಸುವಾಗ ಆಂಪ್ ಸೌಂಡ್ ಸಖತ್ತಾಗಿರೋದು, ಆದ್ರೆ ಡ್ರಮ್ಸು ಬೇಸು ಸೇರಿದ ತಕ್ಷಣ ನನ್ ಗಿಟಾರ್ ಎಲ್ಲೋ ಮುಳುಗೋಗ್ತಿತ್ತು, ವಾಲ್ಯೂಮ್ ಏರಿಸಿದ್ರೆ ಗದ್ದಲ ಜಾಸ್ತಿ ಆಗ್ತಿತ್ತೇ ಹೊರತು ನೋಟ್ಸ್ ಬಿಡಿಬಿಡಿಯಾಗಿ ಕೇಳ್ತಿರಲಿಲ್ಲ. ಕಾರಣ ಏನಂದ್ರೆ ಫೆಂಡರ್ ಥರದ ಆಂಪ್‌ಗಳಲ್ಲಿ ಬೇಸ್, ಮಿಡ್, ಟ್ರೆಬಲ್ ಮೂರೂ ನಾಬ್ ಮಧ್ಯಕ್ಕೇ ಇಟ್ರೂ ಸರ್ಕ್ಯೂಟೇ ಮಿಡ್ಸನ್ನ, ಅಂದ್ರೆ ಮಧ್ಯದ ಫ್ರೀಕ್ವೆನ್ಸಿಗಳನ್ನ, ತಗ್ಗಿಸಿಬಿಡುತ್ತೆ, ಗಿಟಾರ್ ಜೀವ ಇರೋದೇ ಅಲ್ಲಿ.

ಅದಕ್ಕೆ ಬಾಸ್ ಕಂಪನಿಯ ಜಿಇ-7 ಅನ್ನೋ ಇಕ್ಯು (ಈಕ್ವಲೈಸರ್) ಪೆಡಲ್ ಹಾಕ್ದೆ, ಬೇರೆಬೇರೆ ಫ್ರೀಕ್ವೆನ್ಸಿಗಳನ್ನ ಏರಿಸೋಕೆ ಇಳಿಸೋಕೆ 100 ಹರ್ಟ್ಸ್‌ನಿಂದ 6.4 ಕಿಲೋಹರ್ಟ್ಸ್‌ವರೆಗೆ ಏಳು ಸ್ಲೈಡರ್. 100 ಇಳಿಸ್ದೆ, ಅದು ಬೇಸ್ ಗಿಟಾರು, ಕಿಕ್ ಡ್ರಮ್ ಜಾಗ, ಅಲ್ಲಿ ನಾವ್ಯಾಕೆ ಜಗಳಕ್ಕೆ ಹೋಗ್ಬೇಕು. 800 ಹರ್ಟ್ಸ್ ಸುಮಾರು 4 ಡೆಸಿಬಲ್ ಏರಿಸ್ದೆ, ಕಿವಿಗೆ ಚುಚ್ಚೋ 3.2 ಕಿಲೋಹರ್ಟ್ಸ್ ಸ್ವಲ್ಪ ಕೆಳಗೆ. ಗಿಟಾರ್ ಒಂದನ್ನೇ ಕೇಳಿದ್ರೆ ಮೂಗಲ್ಲಿ ಮಾತಾಡಿದ ಹಾಗನ್ಸುತ್ತೆ, ಬ್ಯಾಂಡಲ್ಲಿ ಮಾತ್ರ ಒಂದೊಂದು ನೋಟೂ ಎದ್ದು ಬರುತ್ತೆ.

ಪೆಡಲ್ ಎಲ್ಲಿಡ್ತೀರ ಅನ್ನೋದೂ ತುಂಬಾ ಮುಖ್ಯ. ಡಿಸ್ಟಾರ್ಷನ್ (ಒಡೆದಂತಿರೋ ಗರಗರ ಸೌಂಡ್) ಆಂಪಿಂದೇ ಆಗಿದ್ರೆ, ಇನ್‌ಪುಟ್‌ಗೆ ಮುಂಚೆ ಇಟ್ಟು ಮಿಡ್ಸ್ ಏರಿಸಿದ್ರೆ ಡಿಸ್ಟಾರ್ಷನ್ನೇ ಜಾಸ್ತಿ ಆಗುತ್ತೆ, ಎಫೆಕ್ಟ್ಸ್ ಲೂಪಲ್ಲಿ (ಆಂಪ್‌ನಲ್ಲಿ ಡಿಸ್ಟಾರ್ಷನ್ ಆದ ಮೇಲೆ ಪೆಡಲ್ ಸೇರಿಸೋ ಜಾಗ) ಇಟ್ರೆ ಡಿಸ್ಟಾರ್ಷನ್ ಹೆಚ್ಚುಕಮ್ಮಿ ಹಾಗೇ ಇದ್ದು ಟೋನು, ವಾಲ್ಯೂಮು ಬದಲಾಗುತ್ತೆ. ನಾನು ಲೂಪಲ್ಲೇ ಇಟ್ಟಿದೀನಿ. ಸ್ಲೈಡರ್ ಸೆಟ್ಟಿಂಗ್ ಎಲ್ಲರೂ ನುಡಿಸ್ತಿರುವಾಗಲೇ ಮಾಡಿ ದಯವಿಟ್ಟು, ಮನೆ ಸೆಟ್ಟಿಂಗ್ ಸ್ಟೇಜಲ್ಲಿ ಸಾಮಾನ್ಯವಾಗಿ ನಿಲ್ಲಲ್ಲ.