ಒಂದೇ ಕಿಟ್, ನಾಲ್ಕು ರಾಕೆಟ್

ನನ್ನ ಕಪಾಟಿನಲ್ಲಿ ನಾಲ್ಕು ಮಾದರಿ ರಾಕೆಟ್‌ಗಳು ಸಾಲಾಗಿ ನಿಂತಿವೆ. ನಾಲ್ಕೂ ಒಂದೇ ಬಗೆಯ ಕಿಟ್‌ನಿಂದ ಹುಟ್ಟಿದವು. 25 ಮಿಲಿಮೀಟರ್ ವ್ಯಾಸದ ಕಾಗದದ ಕೊಳವೆ, ಟೊಳ್ಳಾದ ಪ್ಲಾಸ್ಟಿಕ್ ಮೂತಿ, ಬಾಲ್ಸಾ ಮರದ ನಾಲ್ಕು ರೆಕ್ಕೆಗಳು, ಇಂಧನ ತುಂಬಿದ 18 ಮಿಲಿಮೀಟರ್ ಮೋಟಾರು ಕೂರುವ ಒಳಗೊಳವೆ, ಅದನ್ನು ನಟ್ಟನಡುವೆ ಹಿಡಿದು ನಿಲ್ಲಿಸುವ ಎರಡು ಉಂಗುರಗಳು, ಎಲಾಸ್ಟಿಕ್ ದಾರ, ಸಣ್ಣ ನಳಿಕೆ, ತೆಳು ಪ್ಲಾಸ್ಟಿಕ್‌ನ ಪ್ಯಾರಾಚೂಟ್. ಪ್ರತಿ ಪೆಟ್ಟಿಗೆಯೊಳಗೆ ಇದ್ದದ್ದು ಇಷ್ಟೇ. ಆದರೆ ಈಗ ನೋಡಿದವರು ಇವು ನಾಲ್ಕನ್ನೂ ಒಂದೇ ಮನೆಯ ಮಕ್ಕಳೆಂದು ಹೇಳಲಾರರು.

ಮೊದಲನೆಯದನ್ನು ಸೂಚನಾ ಹಾಳೆಯಲ್ಲಿ ಇದ್ದಂತೆಯೇ ಕಟ್ಟಿದೆ. ಮುಂದಿನ ಮೂರರಲ್ಲಿ ಒಂದೊಂದು ಭಾಗವನ್ನು ಮಾತ್ರ ನನ್ನದೇ ರೀತಿಯಲ್ಲಿ ಮಾಡಿದೆ. ಒಂದೇ ಸಲ ಎಲ್ಲವನ್ನೂ ಬದಲಿಸುವ ಆಸೆ ಬಲವಾಗಿಯೇ ಇತ್ತು. ಆದರೆ ಹಾಗೆ ಮಾಡಿದ ರಾಕೆಟ್ ಆಕಾಶದಲ್ಲಿ ಅಡ್ಡಾದಿಡ್ಡಿಯಾಗಿ ಓಡಿದರೆ ತಪ್ಪು ಎಲ್ಲಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಿಶ್ಚಯಿಸಿಕೊಂಡೆ. ಜೊತೆಗೆ 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯೊಂದನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಉಪಕರಣ ಅದೇ.

ಮೊದಲ ರಾಕೆಟ್ ಕಟ್ಟುವಾಗಲೇ ಒಂದು ಪೆಟ್ಟು ತಿಂದೆ. ಮೋಟಾರಿನ ಒಳಗೊಳವೆಗೆ ಉಂಗುರಗಳನ್ನು ಅಂಟಿಸಿ, ಅವುಗಳ ಅಂಚಿಗೆ ಮರದ ಅಂಟನ್ನು ಧಾರಾಳವಾಗಿ ಬಳಿದು ದೊಡ್ಡ ಕೊಳವೆಯೊಳಗೆ ತಳ್ಳಿದೆ. ಅರ್ಧ ದಾರಿಗೆ ಹೋಗಿದ್ದಾಗ ಒಂದು ಕ್ಷಣ ಕೈ ತಡೆದೆ, ಅಷ್ಟೇ. ಅದು ಅಲ್ಲಿಯೇ ಕಚ್ಚಿಕೊಂಡಿತು. ನೀರಿನಂಶವಿರುವ ಅಂಟು ತಗುಲಿದ ಕೂಡಲೇ ಕಾಗದ ಉಬ್ಬುತ್ತದೆ. ಮೊದಲೇ ಬಿಗಿಯಾಗಿರುವ ಜೋಡಣೆ ಇನ್ನಷ್ಟು ಬಿಗಿಯುತ್ತದೆ. ಅಂಟು ಒಣಗುವ ಮೊದಲೇ ಭಾಗ ಅಲುಗದಂತಾಗುತ್ತದೆ. ಆ ಕೊಳವೆಯ ಹಿಂತುದಿಯನ್ನು ಕತ್ತರಿಸಿ ಕಿಟ್ ಉಳಿಸಿಕೊಂಡೆ. ಅಂದಿನಿಂದ ಅಂಟನ್ನು ಉಂಗುರಕ್ಕೆ ಹಚ್ಚುವುದೇ ಇಲ್ಲ. ಉಂಗುರ ಕೊನೆಗೆ ಎಲ್ಲಿ ನಿಲ್ಲಬೇಕೋ ಆ ಜಾಗದಲ್ಲಿ, ಕೊಳವೆಯ ಒಳಗೋಡೆಗೆ ಕಡ್ಡಿಯ ತುದಿಯಿಂದ ಬಳಿಯುತ್ತೇನೆ. ಆಮೇಲೆ ನಿಲ್ಲಿಸದೆ ಒಂದೇ ಒತ್ತಿನಲ್ಲಿ ತಳ್ಳುತ್ತೇನೆ. ನೀರಿಲ್ಲದ ಎಪಾಕ್ಸಿ ಅಂಟು ಬಳಸಿದರೆ ಈ ಭಯವಿಲ್ಲ, ಅದು ಕಾಗದವನ್ನು ಉಬ್ಬಿಸುವುದಿಲ್ಲ. ಆದರೆ ಬಾಲದ ತುದಿಯಲ್ಲಿ ಅದರ ತೂಕ ನನಗೆ ಬೇಡ. ಅದೇಕೆ ಎಂಬುದು ಮುಂದೆ ಬರುತ್ತದೆ.

ರೆಕ್ಕೆಗಳನ್ನು ಕೂರಿಸಲು ಮಾತ್ರ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿದ್ದೇನೆ. ರೆಕ್ಕೆಯ ಬುಡಕ್ಕೂ ಕೊಳವೆಯ ಗೆರೆಗೂ ತೆಳುವಾಗಿ ಅಂಟು ಹಚ್ಚಿ, ಒಮ್ಮೆ ಮುಟ್ಟಿಸಿ, ಬೇರ್ಪಡಿಸಿ ಒಣಗಲು ಬಿಡಬೇಕು. ಆಮೇಲೆ ಇನ್ನೊಂದು ಪದರ ಹಚ್ಚಿ ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಕೂತುಬಿಡುತ್ತದೆ. ಎಳೆದು ನೋಡಿದರೆ ಅಂಟು ಬಿಡುವುದಿಲ್ಲ, ಕೊಳವೆಯ ಕಾಗದವೇ ಕಿತ್ತುಬರುತ್ತದೆ. ಇದಕ್ಕಿಂತ ಗಟ್ಟಿಯಾದ ಜೋಡಣೆ ಈ ಗಾತ್ರದ ರಾಕೆಟ್‌ಗೆ ಬೇಕಿಲ್ಲ.

ಎರಡನೆಯ ರಾಕೆಟ್‌ನಲ್ಲಿ ಬಾಲ್ಸಾ ರೆಕ್ಕೆಗಳಿಗೆ ಕಾಗದದ ಚರ್ಮ ಹೊದಿಸಿದೆ. ಬಾಲ್ಸಾ ಹಗುರ, ಆದರೆ ಎಳೆಯ ಗುಂಟ ಬಲು ಸುಲಭವಾಗಿ ಸೀಳುತ್ತದೆ. ಅದಕ್ಕೇ ಎಳೆ ರೆಕ್ಕೆಯ ಮುಂಭಾಗದ ಅಂಚಿಗೆ ಸಮಾನಾಂತರವಾಗಿ ಓಡುವಂತೆ ಕತ್ತರಿಸಬೇಕು. ಅಷ್ಟಾದರೂ ಗಟ್ಟಿ ನೆಲಕ್ಕೆ ಇಳಿದಾಗ ತುದಿ ಮುರಿಯುವುದುಂಟು. ಮೊದಲು ಮರವನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಮುಂದಿನ ಅಂಚನ್ನು ದುಂಡಗೆ ಮಾಡಿ, ಹಿಂದಿನ ಅಂಚನ್ನು ತೆಳುಗೊಳಿಸಿದೆ. ಸಾಮಾನ್ಯ ಮುದ್ರಣ ಕಾಗದವನ್ನು ಮಡಚಿ, ಮಡಿಕೆಯೊಳಗೆ ಮುಂದಿನ ಅಂಚು ಕೂರುವಂತೆ ಇಟ್ಟು, ಎರಡೂ ಬದಿಗೆ ಒಂದೇ ಸಲಕ್ಕೆ ಅಂಟಿಸಿದೆ.

ಈ ‘ಒಂದೇ ಸಲಕ್ಕೆ’ ಎಂಬುದು ತಪ್ಪು ಮಾಡಿ ಕಲಿತ ಮಾತು. ಮೊದಲ ರೆಕ್ಕೆಗೆ ಒಂದು ಬದಿಯ ಕಾಗದ ಅಂಟಿಸಿ, ಅದು ಒಣಗಿದ ಮೇಲೆ ಇನ್ನೊಂದು ಬದಿ ಮಾಡೋಣವೆಂದು ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ರೆಕ್ಕೆ ದೋಣಿಯ ಹಾಗೆ ಬಾಗಿತ್ತು. ಒದ್ದೆಯಾಗಿ ಹಿಗ್ಗಿದ ಕಾಗದ ಒಣಗುತ್ತಾ ಕುಗ್ಗಿ ಮರವನ್ನು ತನ್ನತ್ತ ಎಳೆದುಕೊಂಡಿತ್ತು. ಆಮೇಲಿನ ಮೂರಕ್ಕೆ ನೀರು ಕಡಿಮೆಯಿರುವ ಗೋಂದಿನ ಕಡ್ಡಿ ಬಳಸಿದೆ. ಬದಿಗಳೆರಡನ್ನೂ ಒಟ್ಟಿಗೆ ಮುಚ್ಚಿ, ಮೇಣದ ಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ಹಗಲು ಒಂದು ರಾತ್ರಿ ಮುಟ್ಟಲಿಲ್ಲ. ಕೊನೆಗೆ ಅಂಚುಗಳಿಗೆ ನೀರಿನಂತಹ ತೆಳು ಸೂಪರ್ ಗ್ಲೂ ಓಡಿಸಿ ಉಜ್ಜಿದೆ. ಬಾಲ್ಸಾದ ರಂಧ್ರಗಳನ್ನು ತುಂಬಲು ಪದರದ ಮೇಲೆ ಪದರ ಹಚ್ಚಿ ಉಜ್ಜುವ ಬೇಸರದ ಕೆಲಸ ಪೂರ್ತಿ ತಪ್ಪಿತು. ಬಣ್ಣ ಗಾಜಿನಷ್ಟು ನುಣುಪಾಗಿ ಕೂತಿತು. ಆ ರೆಕ್ಕೆಯನ್ನು ಬೆರಳುಗಳ ನಡುವೆ ಹಿಡಿದು ಬಾಗಿಸಿ ನೋಡಿದಾಗ ಆದ ಸಂತೋಷ ನನಗೆ ಈಗಲೂ ನೆನಪಿದೆ. ಕಾರ್ಡಿನಂತೆ ಮಣಿಯುತ್ತಿದ್ದ ಮರ ಹಲಗೆಯಂತೆ ಸೆಟೆದು ನಿಂತಿತ್ತು.

ತಕ್ಕಡಿ ಮಾತ್ರ ಇನ್ನೊಂದು ಮಾತು ಹೇಳಿತು. ನಾಲ್ಕು ರೆಕ್ಕೆಗಳಿಗೆ ಸೇರಿ 2 ಗ್ರಾಂ ಹೆಚ್ಚಾಗಿತ್ತು.

2 ಗ್ರಾಂ ಏನು ಮಹಾ ಎಂದು ನನಗೂ ಅನಿಸಿತ್ತು. ಲೆಕ್ಕ ಹಾಕಿ ನೋಡಿದೆ. ಮೋಟಾರು ಸೇರಿ ನನ್ನ ರಾಕೆಟ್ 60 ಗ್ರಾಂ. ರೆಕ್ಕೆಗಳು ಗುರುತ್ವ ಕೇಂದ್ರದಿಂದ ಸುಮಾರು 18 ಸೆಂಟಿಮೀಟರ್ ಹಿಂದಿವೆ. ಅಲ್ಲಿ 2 ಗ್ರಾಂ ಸೇರಿದರೆ ಗುರುತ್ವ ಕೇಂದ್ರ 6 ಮಿಲಿಮೀಟರ್‌ನಷ್ಟು ಹಿಂದಕ್ಕೆ ಸರಿಯುತ್ತದೆ. ರಾಕೆಟ್ ನೇರವಾಗಿ ಹಾರಬೇಕಾದರೆ ಗುರುತ್ವ ಕೇಂದ್ರವು ಗಾಳಿಯ ಒತ್ತಡ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಒಟ್ಟಾಗಿ ತಾಗುವಂತಿರುವ ಬಿಂದು) ಕೊಳವೆಯ ಒಂದು ವ್ಯಾಸದಷ್ಟಾದರೂ ಮುಂದಿರಬೇಕು ಎಂಬುದು ಎಲ್ಲರೂ ಪಾಲಿಸುವ ನಿಯಮ. ನನ್ನ ಕೊಳವೆಯ ವ್ಯಾಸ 25 ಮಿಲಿಮೀಟರ್. ಎಂದರೆ ಆ ಅಂತರದ ಕಾಲು ಭಾಗ ಕಾಗದ ಮತ್ತು ಅಂಟಿಗೇ ಹೋಯಿತು. ಅದನ್ನು ಮರಳಿ ಪಡೆಯಲು ಮೂತಿಯೊಳಗೆ ಒಂದೂವರೆ ಗ್ರಾಂಗೂ ಮಿಕ್ಕಿ ಜೇಡಿಮಣ್ಣು ತುಂಬಬೇಕಾಯಿತು. ಬಾಲದಲ್ಲಿ ಮಾಡುವ ಪ್ರತಿ ಹೊಸ ಪ್ರಯೋಗಕ್ಕೂ ಮೂತಿಯಲ್ಲಿ ಸುಂಕ ತೆರಬೇಕು.

ಒತ್ತಡ ಕೇಂದ್ರವನ್ನು ಲೆಕ್ಕ ಹಾಕಲು 1960ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಜೇಮ್ಸ್ ಬ್ಯಾರೊಮನ್ ಕೊಟ್ಟ ಸಮೀಕರಣಗಳನ್ನೇ ಹವ್ಯಾಸಿಗಳು ಇಂದಿಗೂ ಬಳಸುತ್ತಾರೆ. ಸಾಮಾನ್ಯ ಆಕಾರಗಳಿಗೆ ಅವು ಸಾಕು. ಆಕಾರ ವಿಚಿತ್ರವಾದಾಗ ನಾನು ದಾರದ ಪರೀಕ್ಷೆಯನ್ನು ನಂಬುತ್ತೇನೆ. ಹೊತ್ತಿಸುವ ತಂತಿಯಿಲ್ಲದ ಮೋಟಾರನ್ನು ಒಳಗಿಟ್ಟು, ರಾಕೆಟ್ ಸಮತೋಲವಾಗಿ ನಿಲ್ಲುವ ಬಿಂದುವಿಗೆ ಉದ್ದನೆಯ ದಾರ ಕಟ್ಟಿ, ತಲೆಯ ಮೇಲೆ ವೃತ್ತಾಕಾರವಾಗಿ ತಿರುಗಿಸಬೇಕು. ಮೂತಿ ಮುಂದಾಗಿ ಸ್ಥಿರವಾಗಿ ಸುತ್ತಿದರೆ ಸರಿ. ಅಡ್ಡ ತಿರುಗಿದರೆ ಅಥವಾ ಬಾಲ ಮುಂದಾದರೆ ಇನ್ನಷ್ಟು ಜೇಡಿಮಣ್ಣು.

ಮೂರನೆಯ ರಾಕೆಟ್ ನನಗೆ ಎಲ್ಲಕ್ಕಿಂತ ಪ್ರಿಯ. ಅದರಲ್ಲಿ ಚಪ್ಪಟೆ ರೆಕ್ಕೆಗಳೇ ಇಲ್ಲ. ಬಾಲದ ಸುತ್ತ ಅದೇ ವ್ಯಾಸದ ಆರು ಕೊಳವೆಯ ತುಂಡುಗಳಿವೆ. ಒಂದು ನಾಣ್ಯದ ಸುತ್ತ ಅಂಥದೇ ಆರು ನಾಣ್ಯಗಳು ಒಂದಕ್ಕೊಂದು ತಾಗಿಕೊಂಡು ಸರಿಯಾಗಿ ಕೂರುತ್ತವಲ್ಲ, ಅದೇ ಜ್ಯಾಮಿತಿ. ಅಳತೆಯ ಗೆರೆ ಎಳೆಯುವ ಅಗತ್ಯವೇ ಇಲ್ಲ. ಒಂದು ಕೊಳವೆ ಇನ್ನೊಂದಕ್ಕೆ ಜಾಗ ತೋರಿಸುತ್ತದೆ. ಕಷ್ಟ ಬರುವುದು ಆರನೆಯದರಲ್ಲಿ. ಪ್ರತಿ ಜೋಡಣೆಯಲ್ಲೂ ಕೂದಲಷ್ಟು ಅಂಟಿನ ದಪ್ಪ ಸೇರುತ್ತಾ ಬಂದು ಕೊನೆಯ ಕೊಳವೆಗೆ ಜಾಗ ಸಾಲಲಿಲ್ಲ. ಹಾಗಾಗಿ ಮೊದಲು ಆರನ್ನೂ ಅಂಟಿಲ್ಲದೆ ನಿಲ್ಲಿಸಿ, ಹೊರಗಿನಿಂದ ರಬ್ಬರ್ ಬ್ಯಾಂಡ್ ಹಾಕಿ, ನೇರವಿದೆಯೇ ನೋಡಿಕೊಂಡು, ಅಂಟನ್ನು ಸಂದುಗಳ ತುದಿಯಿಂದ ಬಿಟ್ಟೆ. ಈ ಸಲ ಅದು ಸರಿಹೋಯಿತು.

ಇದರಲ್ಲಿ ಅನಿರೀಕ್ಷಿತವಾದ ಒಂದು ಉಡುಗೊರೆಯೂ ಸಿಕ್ಕಿತು. ಉಡಾವಣೆಯ ಸಮಯದಲ್ಲಿ ರಾಕೆಟ್ 3 ಮಿಲಿಮೀಟರ್‌ನ ಉಕ್ಕಿನ ಕಡ್ಡಿಯ ಗುಂಟ ಜಾರಿ ಮೇಲೇರುತ್ತದೆ. ಅದಕ್ಕಾಗಿ ಪಕ್ಕದಲ್ಲಿ ಸಣ್ಣ ನಳಿಕೆ ಅಂಟಿಸುವುದು ವಾಡಿಕೆ. ಆರು ಕೊಳವೆ ಜೋಡಿಸಿದಾಗ ಎರಡು ಪಕ್ಕದ ಕೊಳವೆ ಮತ್ತು ನಡುವಿನ ಕೊಳವೆಯ ಮಧ್ಯೆ ಮೂರು ಮೂಲೆಯ ಸಂದು ಉಳಿಯುತ್ತದೆ. 25 ಮಿಲಿಮೀಟರ್ ಕೊಳವೆಗೆ ಆ ಸಂದಿನಲ್ಲಿ ಹಿಡಿಯುವ ಅತಿ ದೊಡ್ಡ ವೃತ್ತದ ವ್ಯಾಸ ಸುಮಾರು 3.9 ಮಿಲಿಮೀಟರ್. ಕಡ್ಡಿ ಅದರಲ್ಲಿ ಸಲೀಸಾಗಿ ಹೋಗುತ್ತದೆ. ಅಷ್ಟೇ ಅಲ್ಲ, ಆ ಸಂದಿನ ಕೇಂದ್ರ ನಡುಕೊಳವೆಯ ಮೈಯಿಂದ 1.9 ಮಿಲಿಮೀಟರ್ ದೂರದಲ್ಲಿದೆ. ಹೊರವ್ಯಾಸ 4 ಮಿಲಿಮೀಟರ್ ಇರುವ ಕಿಟ್‌ನ ನಳಿಕೆಯನ್ನು ಮೇಲ್ಭಾಗದಲ್ಲಿ ಅದೇ ಸಾಲಿಗೆ ಅಂಟಿಸಿದರೆ ಅದರ ಕೇಂದ್ರ 2 ಮಿಲಿಮೀಟರ್ ದೂರ. ಮೇಲಿನ ನಳಿಕೆ, ಕೆಳಗಿನ ಸಂದು ಎರಡೂ ತಾವಾಗಿಯೇ ಒಂದೇ ಗೆರೆಗೆ ಬಂದವು. ಕಡ್ಡಿ ಹೋಗುವ ಆ ಒಂದು ಸಂದಿಗೆ ಅಂಟು ಹರಿಯದಂತೆ ನೋಡಿಕೊಂಡರೆ ಸಾಕು.

ಕೊಳವೆ ರೆಕ್ಕೆಗಳು 7 ಗ್ರಾಂ ತೂಗಿದವು, ಬಾಲ್ಸಾ ರೆಕ್ಕೆಗಳ ಎರಡು ಪಟ್ಟಿಗಿಂತ ಹೆಚ್ಚು. ಮೂತಿಗೆ ಮತ್ತೆ ಸುಂಕ ಕಟ್ಟಿದೆ. ಮೊದಲ ಹಾರಾಟಕ್ಕೆ ಸಿ6-5 ಮೋಟಾರು ಹಾಕಿದೆ. ಇದರಲ್ಲಿ ‘ಸಿ’ ಎಂದರೆ ಒಟ್ಟು ನೂಕು 5ರಿಂದ 10 ನ್ಯೂಟನ್-ಸೆಕೆಂಡ್‌ಗಳ ನಡುವಿನದು. 6 ಎಂಬುದು ನ್ಯೂಟನ್‌ಗಳಲ್ಲಿ ಸರಾಸರಿ ಬಲ. 5 ಎಂದರೆ ಇಂಧನ ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರದಬ್ಬುವ ಸಿಡಿತಕ್ಕೆ ಮುಂಚಿನ ಸೆಕೆಂಡುಗಳು. ಕಡ್ಡಿ ಬಿಟ್ಟ ರಾಕೆಟ್ ಗೆರೆ ಎಳೆದಂತೆ ನೇರವಾಗಿ ಏರಿತು. ಆದರೆ ಆರು ಕೊಳವೆಗಳಿಗೆ ತಗುಲುವ ಗಾಳಿಯ ತಡೆ ದೊಡ್ಡದು. ರಾಕೆಟ್ ಬೇಗನೆ ಶಿಖರ ಮುಟ್ಟಿ, ಮೂತಿ ತಿರುಗಿಸಿ, ಕೆಳಗೆ ಧಾವಿಸಲು ತೊಡಗಿದ ಮೇಲೆ ಪ್ಯಾರಾಚೂಟ್ ತೆರೆಯಿತು. ಅದರ ದಾರವೊಂದು ಹರಿದಿತ್ತು. ಅಂದಿನಿಂದ ಅದಕ್ಕೆ ಸಿ6-3 ಮಾತ್ರ.

ಪ್ರಯೋಗಕ್ಕೂ ಒಂದು ಗಡಿಯಿದೆ. ಮೋಟಾರನ್ನು ನಾನು ಬಿಚ್ಚುವುದಿಲ್ಲ, ತಿದ್ದುವುದಿಲ್ಲ, ತುಂಬುವುದಿಲ್ಲ. ಕಾರ್ಖಾನೆಯಿಂದ ಬಂದಂತೆ ಒಮ್ಮೆ ಬಳಸಿ ಬಿಸಾಡುತ್ತೇನೆ. ರಾಕೆಟ್‌ನ ಮೈಯಲ್ಲಿ ಲೋಹದ ಭಾಗ ಹಾಕುವುದಿಲ್ಲ. ವಿದ್ಯುತ್ತಿನಿಂದಲೇ ಹೊತ್ತಿಸುತ್ತೇನೆ, 5 ಮೀಟರ್ ದೂರ ನಿಂತು. ಹೊತ್ತದಿದ್ದರೆ ಸುರಕ್ಷತಾ ಕೀಲಿ ತೆಗೆದು ಪೂರಾ ಒಂದು ನಿಮಿಷ ಕಾಯುತ್ತೇನೆ.

ನಾಲ್ಕನೆಯದರಲ್ಲಿ ಕೊಳವೆಯನ್ನೇ ನಾನು ಸುತ್ತಿದೆ. ತೆಳುವಾದ ಪೈಪೊಂದರ ಮೇಲೆ ಕಾಗದ ಸುತ್ತುತ್ತಾ ಹೋಗಿ, ಕಿಟ್‌ನ ಕೊಳವೆ ಅದರ ಮೇಲೆ ಜಾರುವಷ್ಟು ದಪ್ಪ ತಂದೆ. ಅದೇ ನನ್ನ ಅಚ್ಚು. ಕಾಗದಕ್ಕೂ ಮರದಂತೆ ಎಳೆಯಿದೆ. ಹಾಳೆಯನ್ನು ಎರಡೂ ಕಡೆಗೆ ಬಾಗಿಸಿ ನೋಡಿದರೆ ಯಾವ ದಿಕ್ಕಿನಲ್ಲಿ ಸುಲಭವಾಗಿ ಸುರುಳಿಯಾಗುತ್ತದೆ ಎಂಬುದು ಕೈಗೆ ಗೊತ್ತಾಗುತ್ತದೆ. ಆ ದಿಕ್ಕಿಗೇ ಸುತ್ತಬೇಕು. ನೀರು ಬೆರೆಸಿದ ಅಂಟು ಹಚ್ಚಿ ಮೂರು ಸುತ್ತು ಸುತ್ತಿದ ಮೊದಲ ಕೊಳವೆ ಒಣಗಿ ಕುಗ್ಗಿ, ಅಚ್ಚಿನಿಂದ ಹೊರಬರಲೇ ಇಲ್ಲ. ಸೀಳಿ ತೆಗೆಯಬೇಕಾಯಿತು. ಎರಡನೆಯದಕ್ಕೆ ಅಚ್ಚಿನ ಮೇಲೆ ಮೇಣದ ಕಾಗದ ಹೊದಿಸಿ, ಕೊಳವೆ ಇನ್ನೂ ಹಸಿಯಿರುವಾಗಲೇ ಮೆಲ್ಲನೆ ತಿರುಗಿಸುತ್ತಾ ಜಾರಿಸಿ, ನೆಟ್ಟಗೆ ನಿಲ್ಲಿಸಿ ಒಣಗಿಸಿದೆ. ಕಾರ್ಖಾನೆಯ ಕೊಳವೆಯ ಮೇಲೆ ಕಾಣುವ ಸುರುಳಿಯ ಗೀರು ಇದರಲ್ಲಿಲ್ಲ. ಬಣ್ಣ ಹೊಡೆಯುವ ಮುಂಚೆ ತುಂಬಿ ಉಜ್ಜುವ ಕೆಲಸವೂ ಇಲ್ಲ.

ಪ್ಯಾರಾಚೂಟಿಗೆ ಎಲಾಸ್ಟಿಕ್ ಬದಲು ಬೆಂಕಿಗೆ ಜಗ್ಗದ ಕೆವ್ಲಾರ್ ದಾರವನ್ನು ಮೋಟಾರಿನ ಉಂಗುರಕ್ಕೇ ಕಟ್ಟಿದೆ. ಇಲ್ಲಿ ನಾನು ನನ್ನದೇ ನಿಯಮ ಮುರಿದೆ: ಒಂದು ರಾಕೆಟ್‌ನಲ್ಲಿ ಎರಡು ಬದಲಾವಣೆ. ಸಿಡಿತ ತುಸು ತಡವಾಗಿ, ರಾಕೆಟ್ ವೇಗದಲ್ಲಿದ್ದಾಗ ಆಯಿತು. ಹಿಗ್ಗದ ತೆಳು ದಾರ ಕೊಳವೆಯ ಬಾಯಿಗೆ ಬಿಗಿದು, ನಾನು ಮೂರು ದಿನ ಸುತ್ತಿ ಒಣಗಿಸಿದ ಕಾಗದವನ್ನು 4 ಸೆಂಟಿಮೀಟರ್ ಕೆಳಗಿನವರೆಗೆ ಸೀಳಿಹಾಕಿತು. ಕೈಯಲ್ಲಿ ಸುತ್ತಿದ ಕಾಗದ ದುರ್ಬಲವಾಗಿತ್ತೋ, ದಾರವೊಂದೇ ಕಾರಣವೋ ಎಂದು ತಿಳಿಯಲು ಮೂರು ಹಾರಾಟ ಹೆಚ್ಚಿಗೆ ಬೇಕಾಯಿತು. ಕಾರಣ ದಾರವೇ. ಈಗ ಕೆವ್ಲಾರ್ ದಾರ ಕೊಳವೆಯ ಬಾಯಿಗಿಂತ ಎರಡು ಬೆರಳು ಒಳಗೇ ಮುಗಿಯುತ್ತದೆ; ಅಲ್ಲಿಂದ ಮುಂದೆ ಅಗಲವಾದ ಎಲಾಸ್ಟಿಕ್. ಬಾಯಿಯ ಒಳಸುತ್ತಿಗೆ ತೆಳು ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡಿದ್ದೇನೆ.

ಸೀಳಿದ ಭಾಗವನ್ನು ಕತ್ತರಿಸಿ, ಒಳಗೆ ಜೋಡುಕೊಳವೆಯೊಂದನ್ನು ಕೂರಿಸಿ, ಹೊಸ ತುಂಡು ಸೇರಿಸಿದೆ. ತೇಪೆ ಹಾಕಿದ ಸಾಲು ಬಣ್ಣದ ಕೆಳಗೂ ಕಾಣುತ್ತದೆ. ತಕ್ಕಡಿಗೆ ಇಟ್ಟರೆ 2 ಗ್ರಾಂ ಹೆಚ್ಚು. ಆದರೆ ಈ ಸಲ ಆ 2 ಗ್ರಾಂ ಸೇರಿದ್ದು ಮುಂಭಾಗದಲ್ಲಿ, ಗುರುತ್ವ ಕೇಂದ್ರಕ್ಕಿಂತ ಬಹಳ ಮುಂದೆ. ದಾರ ಕಟ್ಟಿ ತಿರುಗಿಸಿ ನೋಡಿದೆ. ಮೊದಲಿಗಿಂತ ಸ್ಥಿರವಾಗಿ ಸುತ್ತಿತು. ಮೂತಿ ಬಿಚ್ಚಿ, ಒಳಗಿದ್ದ ಜೇಡಿಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆದೆ.